ಸೊನ್ನೆಯ ಲಾಗ್, ನಿಲ್ಲದ ಫ್ಯಾನು: ತಿಕೋಟಾ ಒಣದ್ರಾಕ್ಷಿ ಶೆಡ್ಡಿನ ಕಂಟ್ರೋಲರ್ ರಿಪೇರಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲವು ರಾತ್ರಿ ಫ್ಯಾನುಗಳು ನಿಲ್ಲುತ್ತಿರಲಿಲ್ಲ. ಹೊರಗೆ ಮಳೆ ಹನಿದು ಗಾಳಿ ಹಸಿಯಾಗಿರುವಾಗಲೂ ಅವು ತಿರುಗುತ್ತಲೇ ಇದ್ದವು. ಹಸಿ ಗಾಳಿ ಒಳಗೆ ಬಂದರೆ ರ‍್ಯಾಕಿನ ಮೇಲಿನ ಹಣ್ಣು ಒಣಗೋದು ತಡವಾಗುತ್ತದೆ, ಬಣ್ಣ ಕೆಡುತ್ತದೆ. ಹಸಿರು ಒಣದ್ರಾಕ್ಷಿಗೆ ಸಿಗುವ ರೇಟು ಕಂದು ಬಣ್ಣಕ್ಕೆ ತಿರುಗಿದ್ದಕ್ಕೆ ಸಿಗೋದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ತನಕದ ಸೀಸನ್ನಿನಲ್ಲಿ ಅಕಾಲ ಮಳೆ ಬಂತು ಅಂದರೆ ಇಲ್ಲಿನ ಬೆಳೆಗಾರರಿಗೆ ನಿದ್ದೆ ಇರೋದಿಲ್ಲ.

ಫ್ಯಾನುಗಳನ್ನು ಚಾಲು, ಬಂದ್ ಮಾಡುವ ಕಂಟ್ರೋಲರ್ ಡಬ್ಬಿಯ ಬಗ್ಗೆ ಶೆಡ್ಡಿನ ಕಾಕಾ ಹೇಳಿದ್ದು ಇಷ್ಟು: “ತಮ್ಮಾ, ಡಬ್ಬಿ ಬಂದ್ ಮಾಡಿ ಚಾಲು ಮಾಡಿದ್ರ ನೆಟ್ಟಗಾಗ್ತದ. ಆಮ್ಯಾಲ ಮತ್ತ ಅದ ರಾಗ.”

ಈ ಮಾತಿನಲ್ಲಿ ಒಳ್ಳೆಯ ಸುಳಿವು ಇತ್ತು. ವೈರು ಅಥವಾ ರಿಲೇ ಪೂರ್ತಿ ಕೆಟ್ಟಿದ್ದರೆ ರೀಸ್ಟಾರ್ಟ್ ಮಾಡಿದ ಮಾತ್ರಕ್ಕೆ ಸರಿಹೋಗಬಾರದು. ಪ್ರೋಗ್ರಾಂ ಒಳಗೆ ಯಾವುದೋ ಒಂದು ಬೆಲೆ (ಅಂದರೆ ಸಂಖ್ಯೆ) ಕೆಟ್ಟು, ಅದು ರೀಸ್ಟಾರ್ಟ್ ಆಗುವವರೆಗೆ ಅಲ್ಲೇ ಉಳಿಯುತ್ತಿದೆ ಅಂತ ಅನುಮಾನ ಬಂತು.

ಡಬ್ಬಿಯಲ್ಲಿ ಏನಿದೆ

ಒಂದು ರಾಸ್ಪ್‌ಬೆರಿ ಪೈ 4, ಅಂದರೆ ಅಂಗೈಯಷ್ಟಿನ ಕಂಪ್ಯೂಟರ್. ತೇವಾಂಶ ಮತ್ತು ಉಷ್ಣಾಂಶ ಅಳೆಯುವ ಟ್ರಾನ್ಸ್‌ಮಿಟರ್ ಶೆಡ್ಡಿನ ಒಳಗೊಂದು, ಹೊರಗೊಂದು. ಎರಡೂ 4ರಿಂದ 20 ಮಿಲಿಆಂಪ್ ಕೊಡುವ ಜಾತಿಯವು. ಕರೆಂಟು 150 ಓಮ್ ರೆಸಿಸ್ಟರ್ ಮೂಲಕ ಹರಿಯುತ್ತದೆ. 4 ಮಿಲಿಆಂಪಿಗೆ 0.6 ವೋಲ್ಟ್, 20 ಮಿಲಿಆಂಪಿಗೆ 3.0 ವೋಲ್ಟ್ ಸಿಗುತ್ತದೆ. ವೋಲ್ಟನ್ನು ಸಂಖ್ಯೆ ಮಾಡುವ ಒಂದು ಎಡಿಸಿ ಬೋರ್ಡ್ ಅದನ್ನು ಓದುತ್ತದೆ. ಆಮೇಲೆ ರಿಲೇ ಬೋರ್ಡ್, ಅದರಿಂದ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್, ಅಲ್ಲಿಂದ ಫ್ಯಾನುಗಳು. ಪ್ರೋಗ್ರಾಂ ಸಿ ಭಾಷೆಯದು, ಹಿಂದೆ ಬೇರೆಯವರು ಬರೆದುಕೊಟ್ಟಿದ್ದು.

ಅದರ ಯೋಚನೆ ಚೆನ್ನಾಗಿದೆ. ಬರೀ ತೇವಾಂಶದ ಶೇಕಡಾ ಹೋಲಿಸಿದರೆ ಪ್ರಯೋಜನವಿಲ್ಲ, ಯಾಕಂದ್ರೆ ಅದೇ ಗಾಳಿ ಬಿಸಿಯಾದರೆ ಶೇಕಡಾ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ತಿಳಿಯಬೇಕು. ಅದಕ್ಕೆ ಇಬ್ಬನಿ ಬಿಂದು, ಅಂದರೆ ಗಾಳಿ ತಣ್ಣಗಾಗುತ್ತಾ ಅದರಲ್ಲಿನ ನೀರು ಹನಿಗಟ್ಟಲು ಶುರುವಾಗುವ ಉಷ್ಣಾಂಶ, ಲೆಕ್ಕ ಹಾಕುತ್ತಾರೆ. ಹೊರಗಿನ ಇಬ್ಬನಿ ಬಿಂದು ಒಳಗಿನದಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಕೆಳಗಿದ್ದರೆ ಫ್ಯಾನ್ ಚಾಲು. ಒಳಗಿನದನ್ನು ಮೀರಿದರೆ ಬಂದ್. ಎರಡೂ ಅಲ್ಲದಿದ್ದರೆ ಹೇಗಿದೆಯೋ ಹಾಗೇ.

ಲೆಕ್ಕ ಮ್ಯಾಗ್ನಸ್ ಸೂತ್ರದ್ದು (ಇಲ್ಲಿ ಲಾಗ್ ಅಂದರೆ ಸ್ವಾಭಾವಿಕ ಲಾಗರಿದಮ್):

ಗಾಮಾ = ಲಾಗ್(ತೇವಾಂಶ / 100) + 17.62 × ಉಷ್ಣಾಂಶ / (243.12 + ಉಷ್ಣಾಂಶ)

ಇಬ್ಬನಿ ಬಿಂದು = 243.12 × ಗಾಮಾ / (17.62 − ಗಾಮಾ)

30 ಡಿಗ್ರಿ, 50 ಶೇಕಡಾ ಕೊಟ್ಟರೆ 18.4 ಡಿಗ್ರಿ ಬರುತ್ತದೆ. ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ, ಪ್ರೋಗ್ರಾಂ ಕೂಡ ಅದನ್ನೇ ಕೊಟ್ಟಿತು. ಅಂದರೆ ಸೂತ್ರದಲ್ಲಿ ದೋಷವಿಲ್ಲ.

ಡೇಟಾಬೇಸಿನ ಖಾಲಿ ಜಾಗ

ಪ್ರೋಗ್ರಾಂ ಎಲ್ಲ ಅಳತೆಗಳನ್ನೂ ಎಸ್‌ಕ್ಯೂಲೈಟ್ ಫೈಲಿಗೆ ಬರೆಯುತ್ತದೆ. ಫ್ಯಾನ್ ನಿಲ್ಲದ ರಾತ್ರಿಗಳನ್ನು ತೆಗೆದು ನೋಡಿದೆ. ಹೊರಗಿನ ಇಬ್ಬನಿ ಬಿಂದುವಿನ ಕಾಲಂ ಒಂದು ಹೊತ್ತಿನಿಂದ ಮುಂದೆ ಪೂರ್ತಿ ನಲ್, ಅಂದರೆ ಖಾಲಿ. ಮೊಬೈಲಿನ ಗ್ರಾಫಿನಲ್ಲಿ ಅದು ಖಾಲಿ ಜಾಗವಾಗಿ ಕಾಣುತ್ತಿತ್ತು. ನೆಟ್‌ವರ್ಕ್ ಹೋಗಿರಬೇಕು ಅಂತ ಎಲ್ಲರೂ ಸುಮ್ನೆ ಬಿಟ್ಟಿದ್ದರು.

ಆದರೆ ಅದೇ ಸಾಲಿನಲ್ಲಿ ಒಳಗಿನ ಅಳತೆಗಳು ಸರಿಯಾಗಿ ಕೂತಿದ್ದವು. ನೆಟ್‌ವರ್ಕ್ ಹೋಗಿದ್ದರೆ ಹಾಗಾಗೋದಿಲ್ಲ. ಎಸ್‌ಕ್ಯೂಲೈಟಿಗೆ ನ್ಯಾನ್ ಕೊಟ್ಟರೆ ಅದು ನಲ್ ಎಂದು ಬರೆದುಕೊಳ್ಳುತ್ತದೆ. ನ್ಯಾನ್ ಅಂದರೆ ಉತ್ತರವೇ ಇಲ್ಲದ ಲೆಕ್ಕಕ್ಕೆ ಪ್ರೊಸೆಸರ್ ಕೊಡುವ ವಿಶೇಷ ಬೆಲೆ. ಹಾಗಾದರೆ ಲೆಕ್ಕದೊಳಗೆ ಎಲ್ಲೋ ನ್ಯಾನ್ ಹುಟ್ಟುತ್ತಿದೆ.

ನ್ಯಾನ್ ಬಂದರೆ ಫ್ಯಾನ್ ಯಾಕೆ ನಿಲ್ಲೋದಿಲ್ಲ ಅನ್ನೋದು ಆಗಲೇ ಗೊತ್ತಾಯಿತು. ನ್ಯಾನ್ ಯಾವ ಸಂಖ್ಯೆಗಿಂತಲೂ ಚಿಕ್ಕದಲ್ಲ, ದೊಡ್ಡದಲ್ಲ, ಸಮವೂ ಅಲ್ಲ. ತನಗೆ ತಾನೇ ಕೂಡ ಸಮವಲ್ಲ. ಚಾಲು ಮಾಡುವ ಷರತ್ತು ಸುಳ್ಳು, ಬಂದ್ ಮಾಡುವ ಷರತ್ತೂ ಸುಳ್ಳು. ಸಂಜೆ ಚಾಲು ಇದ್ದ ಫ್ಯಾನ್ ಬೆಳತನಕ ಚಾಲು.

ರೀಸ್ಟಾರ್ಟಿನ ಗುಟ್ಟು ಸರಾಸರಿಯಲ್ಲಿತ್ತು. ಪ್ರೋಗ್ರಾಂ ಹಳೆಯ ಸರಾಸರಿಯ 0.9 ಭಾಗಕ್ಕೆ ಹೊಸ ಬೆಲೆಯ 0.1 ಭಾಗ ಕೂಡಿಸಿ ಹೊಸ ಸರಾಸರಿ ಮಾಡುತ್ತದೆ. ಏರಿಳಿತ ತಗ್ಗಿಸಲು ಇದು ಒಳ್ಳೆಯ ದಾರಿ. ಆದರೆ ಅದರೊಳಗೆ ಒಂದೇ ಒಂದು ನ್ಯಾನ್ ಹೋದರೂ ಸಾಕು, ಮುಂದಿನ ಎಲ್ಲ ಸರಾಸರಿಯೂ ನ್ಯಾನ್. ಹಾಲಿಗೆ ಬಿದ್ದ ಹುಳಿಯ ಹಾಗೆ. ಸೆನ್ಸರ್ ಮರುಕ್ಷಣವೇ ಸರಿಯಾಗಿ ಅಳೆಯಲು ಶುರು ಮಾಡಿದರೂ ಆ ಬೆಲೆ ಹಿಂದಕ್ಕೆ ಬರೋದಿಲ್ಲ.

ಹುಟ್ಟಿದ ಜಾಗ ಹಿಡಿದದ್ದು

ನ್ಯಾನ್ ಹುಟ್ಟಿದ ಜಾಗ ಹುಡುಕಲು ಸಾಲು ಸಾಲಿಗೂ ಪ್ರಿಂಟ್ ಹಾಕಬೇಕಿಲ್ಲ. ಪ್ರೊಸೆಸರಿಗೆ ಅದು ಹುಟ್ಟಿದ ಕ್ಷಣವೇ ಗೊತ್ತಿರುತ್ತದೆ. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕಿರುವ 1985ರ ಐಇಇಇ 754 ಸ್ಟ್ಯಾಂಡರ್ಡ್ ಐದು ಬಗೆಯ ಎಕ್ಸೆಪ್ಷನ್, ಅಂದರೆ ಲೆಕ್ಕದಲ್ಲಿ ಏನೋ ಹೆಚ್ಚುಕಮ್ಮಿ ಆದದ್ದರ ಸೂಚನೆ, ಹೇಳುತ್ತದೆ: ಅರ್ಥವಿಲ್ಲದ ಲೆಕ್ಕ, ಸೊನ್ನೆಯಿಂದ ಭಾಗಾಕಾರ, ಓವರ್‌ಫ್ಲೋ (ಉತ್ತರ ಹಿಡಿಸಲಾರದಷ್ಟು ದೊಡ್ಡದು), ಅಂಡರ್‌ಫ್ಲೋ (ತೀರಾ ಚಿಕ್ಕದು), ಮತ್ತು ಉತ್ತರ ಪೂರ್ತಿ ನಿಖರವಲ್ಲ ಅನ್ನೋದು. ಪ್ರತಿಯೊಂದಕ್ಕೂ ಪ್ರೊಸೆಸರಿನಲ್ಲಿ ಒಂದು ಫ್ಲ್ಯಾಗ್, ಅಂದರೆ ಗುರುತಿನ ಬಿಟ್, ಇದೆ. ಆ ತರಹದ ಲೆಕ್ಕ ನಡೆದರೆ ಫ್ಲ್ಯಾಗ್ ಏಳುತ್ತದೆ, ನಾವೇ ಇಳಿಸುವ ತನಕ ಎದ್ದೇ ಇರುತ್ತದೆ. ಪ್ರೋಗ್ರಾಂ ಮಾತ್ರ ನಿಲ್ಲೋದಿಲ್ಲ. ಈ ಸ್ಟ್ಯಾಂಡರ್ಡಿನ ಹಿಂದೆ ಜಾಸ್ತಿ ದುಡಿದವರು ಬರ್ಕ್ಲಿಯ ವಿಲಿಯಂ ಕಹಾನ್. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಸಿಕ್ಕಿತು. ಕೆಟ್ಟ ಲೆಕ್ಕ ಬಂದರೆ ನಿಲ್ಲಬೇಕೋ, ಮುಂದೆ ಹೋಗಬೇಕೋ ಅನ್ನೋದನ್ನು ಪ್ರೋಗ್ರಾಂ ಬರೆಯುವವರ ಕೈಗೇ ಬಿಟ್ಟಿದ್ದಾರೆ. ಇದು ಎಷ್ಟು ದೊಡ್ಡ ಉಪಕಾರ ಅಂತ ಈ ರಿಪೇರಿಯಲ್ಲಿ ಮನಸ್ಸಿಗೆ ಬಂತು.

ಲ್ಯಾಪ್‌ಟಾಪಿನಲ್ಲಿ, ಅಂದರೆ ಇಂಟೆಲ್ ತರಹದ ಎಕ್ಸ್86 ಪ್ರೊಸೆಸರಿನಲ್ಲಿ, ಎಮ್‌ಎಕ್ಸ್‌ಸಿಎಸ್‌ಆರ್ ಎಂಬ ರಿಜಿಸ್ಟರ್ ಇದೆ. ಅದರ 0ರಿಂದ 5ನೇ ಬಿಟ್‌ಗಳು ಫ್ಲ್ಯಾಗ್. 7ರಿಂದ 12ನೇ ಬಿಟ್‌ಗಳು ಮಾಸ್ಕ್, ಅಂದರೆ ಎಕ್ಸೆಪ್ಷನ್ ಆದರೂ ಪ್ರೋಗ್ರಾಂ ನಿಲ್ಲದ ಹಾಗೆ ತಡೆಯುವವು. ಮಾಸ್ಕ್ ತೆಗೆದರೆ ಎಕ್ಸೆಪ್ಷನ್ ಆದ ತಕ್ಷಣ ಪ್ರೋಗ್ರಾಮಿಗೆ ಸಿಗ್‌ಎಫ್‌ಪಿಇ ಸಿಗ್ನಲ್ ಬರುತ್ತದೆ, ಅದು ಅಲ್ಲೇ ನಿಲ್ಲುತ್ತದೆ. ಇದಕ್ಕೆ ಟ್ರ್ಯಾಪ್ ಅನ್ನುತ್ತಾರೆ. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಇದಕ್ಕೆ ಫೆಎನೇಬಲ್‌ಎಕ್ಸೆಪ್ಟ್ ಎಂಬ ಫಂಕ್ಷನ್ ಇದೆ. ಸಿ ಸ್ಟ್ಯಾಂಡರ್ಡಿನಲ್ಲಿ ಇದು ಇಲ್ಲ, ಆ ಲೈಬ್ರರಿ ಮಾಡಿದ ಗ್ನೂ ಯೋಜನೆಯವರು ಸೇರಿಸಿದ್ದು.

ಮೇನ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಅದನ್ನು ಕರೆದೆ. ಅರ್ಥವಿಲ್ಲದ ಲೆಕ್ಕ, ಸೊನ್ನೆಯಿಂದ ಭಾಗಾಕಾರ, ಓವರ್‌ಫ್ಲೋ, ಈ ಮೂರಕ್ಕೆ ಮಾತ್ರ ಟ್ರ್ಯಾಪ್ ಹಾಕಿದೆ. ನಿಖರವಲ್ಲದ ಉತ್ತರಕ್ಕೂ ಟ್ರ್ಯಾಪ್ ಹಾಕಿದರೆ 0.1ಕ್ಕೆ 0.2 ಕೂಡಿಸಿದಲ್ಲೇ ಪ್ರೋಗ್ರಾಂ ನಿಂತುಹೋಗುತ್ತದೆ. ಥ್ರೆಡ್‌ಗಳು, ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳು, ಹುಟ್ಟುವ ಮೊದಲೇ ಕರೆಯೋದು ಮುಖ್ಯ. ಹೊಸ ಥ್ರೆಡ್ ತನ್ನನ್ನು ಹುಟ್ಟಿಸಿದ ಥ್ರೆಡ್ಡಿನ ಆ ಹೊತ್ತಿನ ಸೆಟ್ಟಿಂಗನ್ನು ತೆಗೆದುಕೊಂಡು ಹೊರಡುತ್ತದೆ. ಆಮೇಲೆ ಬದಲಿಸಿದ್ದು ಅದಕ್ಕೆ ತಲುಪೋದಿಲ್ಲ.

ಡೀಬಗ್ ಮಾಡಲು ಆಪ್ಟಿಮೈಸೇಷನ್ (ಕಂಪೈಲರ್ ವೇಗಕ್ಕಾಗಿ ಕೋಡ್ ತಿದ್ದೋದು) ಇಲ್ಲದೆ ಕಂಪೈಲ್ ಮಾಡಿ, ಶೆಡ್ಡಿನಿಂದ ತಂದ ಎಡಿಸಿ ಅಳತೆಗಳನ್ನೇ ಓದಿಸಿದೆ. ಜಿಡಿಬಿ ಎಂಬ ಡೀಬಗರ್ ಅಡಿಯಲ್ಲಿ ಓಡಿಸಿದಾಗ ಪ್ರೋಗ್ರಾಂ ಸಿಗ್‌ಎಫ್‌ಪಿಇ ಬಂದು ನಿಂತಿತು. ನಿಂತದ್ದು ಮ್ಯಾತ್ ಲೈಬ್ರರಿಯ ಒಳಗೆ. ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅಂತ ತೋರಿಸುವ ಬ್ಯಾಕ್‌ಟ್ರೇಸಿನಲ್ಲಿ ಮೇಲಕ್ಕೆ ಹೋದರೆ ಗಾಮಾ ಲೆಕ್ಕದ ಸಾಲು. ತೇವಾಂಶದ ಬೆಲೆ ಸರಿಯಾಗಿ 0.

ಮುಂದಿನದನ್ನು ಕಾಗದದ ಮೇಲೆ ಬರೆದು ನೋಡಿದೆ. ಸೊನ್ನೆಯ ಲಾಗ್ ಮೈನಸ್ ಅನಂತ. ಇಲ್ಲಿ ಭಾಗಾಕಾರವೇ ಇಲ್ಲದಿದ್ದರೂ ಎದ್ದೇಳೋದು ಸೊನ್ನೆಯಿಂದ ಭಾಗಾಕಾರದ ಫ್ಲ್ಯಾಗ್. ಮಿತಿಯೊಳಗಿನ ಸಂಖ್ಯೆಯಿಂದ ನೇರವಾಗಿ ಅನಂತ ಬಂದರೆ ಅದು ಇದೇ ಗುಂಪಿಗೆ ಸೇರುತ್ತದೆ. ಆಮೇಲೆ ಎರಡನೇ ಸೂತ್ರ: ಮೇಲೆ ಮೈನಸ್ ಅನಂತ, ಕೆಳಗೆ ಪ್ಲಸ್ ಅನಂತ. ಅನಂತವನ್ನು ಅನಂತದಿಂದ ಭಾಗಿಸಿದರೆ ಉತ್ತರವಿಲ್ಲ. ಇಲ್ಲಿ ಅರ್ಥವಿಲ್ಲದ ಲೆಕ್ಕದ ಫ್ಲ್ಯಾಗ್ ಎದ್ದು ನ್ಯಾನ್ ಹುಟ್ಟುತ್ತದೆ. ಅದು ನೇರವಾಗಿ ಸರಾಸರಿಗೆ ಹೋಗುತ್ತದೆ.

ಸೊನ್ನೆ ಎಲ್ಲಿಂದ ಬಂತು

ವಿಜಯಪುರದ ಬೇಸಿಗೆ ಎಷ್ಟೇ ಒಣಗಿದ್ದರೂ ತೇವಾಂಶ ಸೊನ್ನೆ ಆಗೋದಿಲ್ಲ. ಹಾಗಾಗಿ ವೈರ್ ಹಿಡಿದು ಹೊರಟೆ. ಹೊರಗಿನ ಟ್ರಾನ್ಸ್‌ಮಿಟರಿಗೆ ಹೋಗುವ ವೈರನ್ನು ನಡುವೆ ಹೊಸೆದು ಟೇಪ್ ಸುತ್ತಿದ್ದರು. ಮಳೆಗೆ ಇಳಿಬಿಟ್ಟ ತಾಡಪತ್ರಿ ಗಾಳಿಗೆ ಬಡಿದಾಗ ಆ ಜಾಗ ಅಲುಗುತ್ತಿತ್ತು. ಮೀಟರ್ ಹಾಕಿ ವೈರ್ ಅಲುಗಿಸಿದರೆ ಕರೆಂಟು ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು. ಮಳೆ ಗಾಳಿಯ ರಾತ್ರಿಗಳಲ್ಲೇ ಯಾಕೆ ಹೀಗಾಗುತ್ತಿತ್ತು ಅನ್ನೋದಕ್ಕೆ ಇದೇ ಉತ್ತರ.

4ರಿಂದ 20 ಮಿಲಿಆಂಪ್ ಅನ್ನೋ ಪದ್ಧತಿ ಮಾಡಿದ್ದಕ್ಕೆ ಒಂದು ಕಾರಣವೇ ಇದು. ಅಳತೆಯ ಸೊನ್ನೆಗೂ 4 ಮಿಲಿಆಂಪ್ ಹರಿಯಬೇಕು. ಹರಿಯಲಿಲ್ಲ ಅಂದರೆ ವೈರ್ ಹೋಗಿದೆ ಅಂತ ಅರ್ಥ. ನಮೂರ್ ಎಂಬ ಉದ್ಯಮ ಸಂಘದ ಎನ್‌ಇ43 ಶಿಫಾರಸಿನ ಪ್ರಕಾರ 3.6 ಮಿಲಿಆಂಪ್ ಅಥವಾ ಅದಕ್ಕಿಂತ ಕಡಿಮೆ, 21 ಮಿಲಿಆಂಪ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಳತೆಯಲ್ಲ, ದೋಷದ ಸೂಚನೆ.

ಪ್ರೋಗ್ರಾಮಿನಲ್ಲಿ ಕರೆಂಟು ಸೊನ್ನೆ ಬಂದಾಗ ತೇವಾಂಶ ಮೈನಸ್ 25 ಶೇಕಡಾ ಆಗುತ್ತಿತ್ತು. ಲೆಕ್ಕ ಸರಿಯೇ: 0ಯಿಂದ 4 ಕಳೆದು, 16ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಅದೇ. ಆದರೆ ಮುಂದಿನ ಸಾಲಿನಲ್ಲಿ 0ಗಿಂತ ಕಡಿಮೆಯಿದ್ದರೆ 0, 100ಕ್ಕಿಂತ ಜಾಸ್ತಿ ಇದ್ದರೆ 100 ಅಂತ ತಿದ್ದುತ್ತಿದ್ದರು. ಮೈನಸ್ 25 ನೋಡಿದ ಯಾರಿಗೇ ಆದರೂ ಏನೋ ಕೆಟ್ಟಿದೆ ಅಂತ ತಿಳಿಯುತ್ತದೆ. 0 ಅಂತ ನೋಡಿದರೆ ತಿಳಿಯೋದಿಲ್ಲ. ಹೀಗೆ ಬೆಲೆ ತಿದ್ದೋದನ್ನು ಬಹಳ ಜನ ಸುರಕ್ಷೆ ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಳತೆ ಬರುವ ಬಾಗಿಲಲ್ಲಿ ಇದನ್ನು ಮಾಡಲೇಬಾರದು. ಸುಳ್ಳು ಅಳತೆಗೆ ನಿಜದ ವೇಷ ಹಾಕಿ ಒಳಗೆ ಬಿಟ್ಟಂತೆ ಆಗುತ್ತದೆ.

ಆ ಎರಡು ಸಾಲು ತೆಗೆದೆ. 3.6ರಿಂದ 21 ಮಿಲಿಆಂಪ್ ನಡುವೆ ಇಲ್ಲದ್ದು ಅಳತೆಯೇ ಅಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸುವ ಹಾಗೆ ಮಾಡಿದೆ. ಹೊಸೆದ ಜೋಡಣೆ ಕತ್ತರಿಸಿ, ಪಿನ್ ಲಗ್ ಕ್ರಿಂಪ್ ಮಾಡಿ, ಡಬ್ಬಿಯೊಳಗಿನ ಟರ್ಮಿನಲ್ಲಿಗೆ ಬಿಗಿದೆ.

ಪರೀಕ್ಷೆ ಇತ್ತು, ಕೆಲಸ ಮಾಡುತ್ತಿರಲಿಲ್ಲ

ಕೋಡ್ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಸರಾಸರಿ ನ್ಯಾನ್ ಆಗಿದೆಯೇ ಅಂತ ಇಸ್‌ನ್ಯಾನ್ ಕರೆದು, ಆಗಿದ್ದರೆ ಎಚ್ಚರಿಕೆ ಬರೆದು ಸರಾಸರಿಯನ್ನು ಹೊಸದಾಗಿ ಶುರು ಮಾಡುವ ಸಾಲು. ಹಿಂದೆ ಬರೆದವರು ಇದನ್ನು ಯೋಚಿಸಿಯೇ ಹಾಕಿದ್ದಾರೆ! ಲ್ಯಾಪ್‌ಟಾಪಿನಲ್ಲಿ ಟ್ರ್ಯಾಪ್ ತೆಗೆದು ಓಡಿಸಿದರೆ ಎಚ್ಚರಿಕೆ ಬರುತ್ತದೆ. ಪ್ರೋಗ್ರಾಂ ತನ್ನ ಆಗುಹೋಗು ಬರೆದಿಡುವ ಶೆಡ್ಡಿನ ಲಾಗ್ ಫೈಲಿನಲ್ಲಿ ಒಂದೂ ಇಲ್ಲ.

ವ್ಯತ್ಯಾಸ ಕಂಪೈಲ್ ಮಾಡುವ ಆದೇಶಗಳಿರುವ ಮೇಕ್‌ಫೈಲಿನಲ್ಲಿತ್ತು. ಪೈಗೆ ಕಂಪೈಲ್ ಮಾಡುವಾಗ ‘ಓಫಾಸ್ಟ್’ ಆಯ್ಕೆ ಹಾಕಿದ್ದರು. ಜಿಸಿಸಿ ಕಂಪೈಲರಿನಲ್ಲಿ ಅದು ‘ಫಾಸ್ಟ್ ಮ್ಯಾತ್’ ಕೂಡ ಚಾಲು ಮಾಡುತ್ತದೆ. ಅದರೊಳಗೆ ‘ಫೈನೈಟ್ ಮ್ಯಾತ್ ಓನ್ಲಿ’ ಸೇರಿದೆ. ಅಂದರೆ ಈ ಪ್ರೋಗ್ರಾಮಿನಲ್ಲಿ ನ್ಯಾನ್, ಅನಂತ ಎಂದೂ ಬರೋದಿಲ್ಲ ಅಂತ ನಾವೇ ಕಂಪೈಲರಿಗೆ ಮಾತು ಕೊಟ್ಟ ಹಾಗೆ. ಅದು ನಂಬುತ್ತದೆ. ಬರೋದೇ ಇಲ್ಲ ಅಂದಮೇಲೆ ಪರೀಕ್ಷೆ ಯಾಕೆ ಅಂತ ಆ ಸಾಲನ್ನೇ ಕಿತ್ತುಹಾಕುತ್ತದೆ. ಆಬ್ಜೆಕ್ಟ್ ಫೈಲನ್ನು ಆಬ್ಜ್‌ಡಂಪಿನಲ್ಲಿ ಬಿಚ್ಚಿ ನೋಡಿದೆ, ಎಚ್ಚರಿಕೆ ಬರೆಯುವ ಭಾಗ ಇರಲೇ ಇಲ್ಲ.

ಕೆಲವು ಸೆಕೆಂಡಿಗೊಮ್ಮೆ ನಾಲ್ಕು ಅಳತೆ ಓದುವ ಪ್ರೋಗ್ರಾಮಿಗೆ ಈ ವೇಗ ಬೇಕಾಗಿಯೇ ಇಲ್ಲ. ಆಯ್ಕೆಯನ್ನು ‘ಓ2’ಗೆ ಇಳಿಸಿದೆ. ಸೆನ್ಸರ್ ಓದುವ, ರಿಲೇ ಎಳೆಯುವ ಯಾವ ಪ್ರೋಗ್ರಾಮಿಗೂ ಫಾಸ್ಟ್ ಮ್ಯಾತ್ ಹಾಕಬೇಡಿ.

ಪೈನಲ್ಲಿ ಟ್ರ್ಯಾಪ್ ಹಿಡಿಯೋದಿಲ್ಲ

ಲ್ಯಾಪ್‌ಟಾಪಿನ ಟ್ರ್ಯಾಪನ್ನೇ ಪೈಗೂ ಹಾಕಿದರೆ ಆಯಿತಲ್ಲ ಅನಿಸಬಹುದು. ಆಗೋದಿಲ್ಲ. ಪೈನಲ್ಲಿರುವ 64 ಬಿಟ್ ಆರ್ಮ್ ಜಾತಿಯ ಪ್ರೊಸೆಸರಿನಲ್ಲಿ ಟ್ರ್ಯಾಪ್ ಇರಲೇಬೇಕು ಅಂತಿಲ್ಲ, ಚಿಪ್ ಮಾಡುವವರ ಇಷ್ಟ. ಪೈ 4ರ ಕಾರ್ಟೆಕ್ಸ್ ಎ72ನಲ್ಲಿ ಇಲ್ಲ. ಫೆಎನೇಬಲ್‌ಎಕ್ಸೆಪ್ಟ್ ಕರೆದರೆ ಮೈನಸ್ 1 ಬರುತ್ತದೆ. ಆ ಉತ್ತರ ನೋಡದೆ ಮುಂದೆ ಹೋದವರು ಟ್ರ್ಯಾಪ್ ಇದೆ ಅಂತಲೇ ನಂಬಿಕೊಂಡಿರುತ್ತಾರೆ.

ಪೂರ್ಣಾಂಕದ ಭಾಗಾಕಾರದಲ್ಲೂ ಹೀಗೇ ಬೇರೆ ಬೇರೆ. ಎಕ್ಸ್86ನಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಸಿಗ್‌ಎಫ್‌ಪಿಇ ಬರುತ್ತದೆ. ಆರ್ಮ್ 64ರಲ್ಲಿ ಸದ್ದಿಲ್ಲದೆ 0 ಬರುತ್ತದೆ. ನ್ಯಾನನ್ನು ಪೂರ್ಣಾಂಕಕ್ಕೆ ಬದಲಿಸಿದರೆ ಸಿ ಭಾಷೆ ಏನನ್ನೂ ಖಾತರಿ ಮಾಡೋದಿಲ್ಲ. ಆರ್ಮ್ 0 ಕೊಡುತ್ತದೆ, ಎಕ್ಸ್86 ಅತಿ ಚಿಕ್ಕ ಋಣ ಸಂಖ್ಯೆ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡಿದ್ದು ಶೆಡ್ಡಿನಲ್ಲೂ ಹಾಗೇ ಆಗುತ್ತದೆ ಅಂತ ನಂಬುವಂತಿಲ್ಲ.

ಆದರೆ ಫ್ಲ್ಯಾಗ್‌ಗಳು ಎರಡೂ ಕಡೆ ಇವೆ. ಅವು ಸಿ ಭಾಷೆಯ ಸಿ99 ಸ್ಟ್ಯಾಂಡರ್ಡಿನಲ್ಲೇ ಇವೆ. ಇಬ್ಬನಿ ಬಿಂದುವಿನ ಲೆಕ್ಕಕ್ಕೆ ಒಂದು ಹೊದಿಕೆ ಫಂಕ್ಷನ್ ಬರೆದೆ. ಮೊದಲು ಫೆಕ್ಲಿಯರ್‌ಎಕ್ಸೆಪ್ಟ್ ಕರೆದು ಎಲ್ಲ ಫ್ಲ್ಯಾಗ್ ಇಳಿಸು. ಲೆಕ್ಕ ಮಾಡು. ಆಮೇಲೆ ಫೆಟೆಸ್ಟ್‌ಎಕ್ಸೆಪ್ಟ್ ಕರೆದು, ಟ್ರ್ಯಾಪ್ ಹಾಕಿದ್ದ ಆ ಮೂರರಲ್ಲಿ ಯಾವುದಾದರೂ ಎದ್ದಿದೆಯೇ ನೋಡು. ಎದ್ದಿದ್ದರೆ ಉತ್ತರವನ್ನು ಸರಾಸರಿಗೆ ಬಿಡಬೇಡ, ಯಾವ ಫ್ಲ್ಯಾಗ್, ಯಾವ ಸೆನ್ಸರ್ ಅಂತ ಲಾಗ್ ಫೈಲಿಗೆ ಬರೆ.

ಕೊನೆಯ ಉತ್ತರ ನ್ಯಾನ್ ಹೌದೋ ಅಲ್ಲವೋ ನೋಡಿದರೆ ಸಾಲದೇ ಅಂತ ನಾನೂ ಯೋಚಿಸಿದೆ. ಸಾಲದು. ಇದೇ ಪ್ರೋಗ್ರಾಂ ಗಾಳಿಯ ಆವಿಯ ಒತ್ತಡವನ್ನೂ ಲೆಕ್ಕ ಹಾಕುತ್ತದೆ: 6.112 × ಎಕ್ಸ್‌ಪ್(ಗಾಮಾ). ಗಾಮಾ ಮೈನಸ್ ಅನಂತ ಆದರೆ ಎಕ್ಸ್‌ಪ್ ಸರಿಯಾಗಿ 0 ಕೊಡುತ್ತದೆ. 30 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಒತ್ತಡ 42.3 ಹೆಕ್ಟೊಪಾಸ್ಕಲ್. ಅದರಿಂದ 0 ಕಳೆದರೆ ಕೊರತೆಯೂ 42.3. ನೋಡಲು ಒಳ್ಳೆಯ ಸಂಖ್ಯೆ. ನ್ಯಾನ್ ಅಲ್ಲ, ಅನಂತವೂ ಅಲ್ಲ. ಹೊರಗೆ ಮಳೆ ಬೀಳುವಾಗ ಗಾಳಿ ಪೂರ್ತಿ ಒಣಗಿದೆ ಅಂತ ಹೇಳುವ ಸಂಖ್ಯೆ ಅದು. ನಡುವೆ ಅನಂತ ಬಂದು ಹೋಗಿದ್ದಕ್ಕೆ ಉಳಿದ ಒಂದೇ ಸಾಕ್ಷಿ ಸೊನ್ನೆಯಿಂದ ಭಾಗಾಕಾರದ ಫ್ಲ್ಯಾಗ್.

ಫ್ಲ್ಯಾಗನ್ನು ಲೆಕ್ಕದ ಪಕ್ಕದಲ್ಲೇ ನೋಡಬೇಕು. ಆಗಲೇ ಇರುವ ನ್ಯಾನಿಗೆ ಏನಾದರೂ ಕೂಡಿಸಿದರೆ, ಗುಣಿಸಿದರೆ ಹೊಸದಾಗಿ ಫ್ಲ್ಯಾಗ್ ಏಳೋದಿಲ್ಲ. ಅಂಥ ಲೆಕ್ಕದಲ್ಲಿ ನ್ಯಾನ್ ಹುಟ್ಟುವಾಗ ಮಾತ್ರ ಏಳುತ್ತದೆ. ಫ್ಲ್ಯಾಗ್‌ಗಳು ಥ್ರೆಡ್ಡಿಗೆ ಒಂದೊಂದು ಜೊತೆ, ಹಾಗಾಗಿ ಲೆಕ್ಕ ಮಾಡಿದ ಥ್ರೆಡ್ಡೇ ಕೇಳಬೇಕು.

ಕಂಪೈಲರ್ ಇಲ್ಲಿಯೂ ತೊಂದರೆ ಕೊಡಬಹುದು. ಫ್ಲ್ಯಾಗ್ ಓದುತ್ತೇವೆ ಅಂತ ತಿಳಿಸಲು ಸಿ ಸ್ಟ್ಯಾಂಡರ್ಡಿನಲ್ಲಿ ಒಂದು ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆ) ಇದೆ, ಎಫ್‌ಇಎನ್‌ವಿ ಆಕ್ಸೆಸ್. ಜಿಸಿಸಿ ಅದನ್ನು ಪಾಲಿಸೋದಿಲ್ಲ. ಲೆಕ್ಕವನ್ನು ಫ್ಲ್ಯಾಗ್ ಇಳಿಸುವ ಸಾಲಿನ ಆಚೆಗೆ ಸರಿಸಿಬಿಡಬಹುದು. ಅದಕ್ಕೆ ಸೂತ್ರದ ಫಂಕ್ಷನ್ನನ್ನು ಬೇರೆ ಫೈಲಿನಲ್ಲಿಟ್ಟೆ, ಲಿಂಕ್ ಹೊತ್ತಿನ ಆಪ್ಟಿಮೈಸೇಷನ್ ಹಾಕಲಿಲ್ಲ. ಆಮೇಲೆ ಅಸೆಂಬ್ಲಿ ತೆಗೆದು ಮೂರು ಕರೆಗಳೂ ಬರೆದ ಕ್ರಮದಲ್ಲೇ ಇವೆ ಅಂತ ಖಾತ್ರಿ ಮಾಡಿಕೊಂಡೆ.

ಕೆಟ್ಟಾಗ ಫ್ಯಾನ್ ಏನು ಮಾಡಬೇಕು

ಎಕ್ಸೆಪ್ಷನ್ ಹಿಡಿದಾಯಿತು. ಹಿಡಿದ ಮೇಲೆ ಏನು ಮಾಡಬೇಕು ಅನ್ನೋದು ಬೇರೆ ಪ್ರಶ್ನೆ. 1996ರ ಜೂನ್ 4ರಂದು ಆರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ 64 ಬಿಟ್ಟಿನ ದಶಮಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಬದಲಿಸುವಾಗ ಸಂಖ್ಯೆ ಹಿಡಿಸಲಿಲ್ಲ. ಎಕ್ಸೆಪ್ಷನ್ ಸರಿಯಾಗಿಯೇ ಬಂತು. ಅದಕ್ಕೆ ಮಾಡಿದ್ದ ಏರ್ಪಾಡು ಕಂಪ್ಯೂಟರನ್ನು ನಿಲ್ಲಿಸೋದು. ಬದಲಿ ಕಂಪ್ಯೂಟರಿನಲ್ಲೂ ಅದೇ ಸಾಫ್ಟ್‌ವೇರ್ ಇತ್ತು, ಅದೂ ನಿಂತಿತು. ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾಯಿತು.

ಹಾಗಾಗಿ ಕಾಕಾನ್ನೇ ಕೇಳಿದೆ: “ಕಾಕಾ, ಹೊರಗಿನ ಗಾಳಿ ಹೆಂಗದ ಅಂತ ಡಬ್ಬಿಗೆ ಗೊತ್ತಾಗಲಿಲ್ಲಂದ್ರ ಫ್ಯಾನ್ ಚಾಲು ಇಡೂದೋ, ಬಂದ್ ಮಾಡೂದೋ ಹೇಳ್ರೀ?”

ಅವರು ಯೋಚನೆ ಮಾಡಲಿಲ್ಲ. “ರಾತ್ರಿ ಸಂಶಯ ಇದ್ರ ಬಂದ್ ಇರ್ಲಿ. ಹಗಲೊತ್ತು ಚಾಲು ಇರ್ಲಿ. ಒಣಗೂದು ಒಂದಿನ ತಡ ಆದ್ರ ನಡೀತದ. ಮಾಲ ಕೆಂಪ ಆದ್ರ ರೇಟ ಸಿಗೂದಿಲ್ಲ. ಮತ್ತ ನನಗ ಫೋನ್ ಮಾಡ್ಸು.”

ಇದನ್ನೇ ಬರೆದೆ. ಅಳತೆ ಕೆಟ್ಟರೆ ಹಿಂದಿನ ಒಳ್ಳೆಯ ಸರಾಸರಿ ಹತ್ತು ನಿಮಿಷ ನಡೆಯುತ್ತದೆ. ಆಮೇಲೂ ಸರಿಯಾಗದಿದ್ದರೆ ಸೂರ್ಯ ಮುಳುಗಿದ ಮೇಲೆ ಬಂದ್, ಹಗಲು ಚಾಲು, ಕಾಕಾನ ಮೊಬೈಲಿಗೆ ಮೆಸೇಜು. ರಿಲೇಯ ಷರತ್ತುಗಳಲ್ಲಿ ‘ಎರಡೂ ಅಲ್ಲ’ ಅನ್ನೋ ದಾರಿಗೆ ಈಗ ಒಳ್ಳೆಯ ಅಳತೆ ಇದ್ದಾಗ ಮಾತ್ರ ಹೋಗಬಹುದು.

ಟ್ರ್ಯಾಪನ್ನು ಲ್ಯಾಪ್‌ಟಾಪಿನ ಟೆಸ್ಟ್ ಬಿಲ್ಡಿನಲ್ಲಿ ಉಳಿಸಿದ್ದೇನೆ. ಅಲ್ಲಿ ಸಿಗ್ನಲ್ ಹ್ಯಾಂಡ್ಲರ್ ಒಂದು ಸಾಲು ಬರೆದು ಪ್ರೋಗ್ರಾಂ ಮುಗಿಸುತ್ತದೆ, ವಾಪಸ್ ಬರೋದಿಲ್ಲ. ವಾಪಸ್ ಬಂದರೆ ಎಕ್ಸ್86ನಲ್ಲಿ ಅದೇ ಇನ್‌ಸ್ಟ್ರಕ್ಷನ್ ಮತ್ತೆ ನಡೆದು, ಮತ್ತೆ ಸಿಗ್ನಲ್ ಬಂದು, ಕೊನೆಯೇ ಇಲ್ಲದೆ ಸುತ್ತುತ್ತದೆ. ಹ್ಯಾಂಡ್ಲರಿನಲ್ಲಿ ಪ್ರಿಂಟ್‌ಎಫ್ ಬಳಸಬಾರದು, ರೈಟ್ ಬಳಸಬೇಕು.

ಗ್ರಾಫ್ ಬಿಡಿಸುವ ಪೈಥಾನ್ ಕಡೆಗೂ ಸ್ವಲ್ಪ ಕೈ ಹಾಕಿದೆ. ಬರೀ ಪೈಥಾನಿನಲ್ಲಿ 1.0ಯನ್ನು 0.0ಯಿಂದ ಭಾಗಿಸಿದರೆ ಎಕ್ಸೆಪ್ಷನ್ ಬಂದು ನಿಲ್ಲುತ್ತದೆ. ಪೈಥಾನಿನ ಲೆಕ್ಕದ ಲೈಬ್ರರಿ ನಮ್‌ಪೈ ಹಾಗಲ್ಲ, ಒಂದು ವಾರ್ನಿಂಗ್ ಕೊಟ್ಟು ಅನಂತ ಹಿಡಿದು ಮುಂದೆ ಹೋಗುತ್ತದೆ. ಅದರ ಎರ್‌ಸ್ಟೇಟ್ ಎಂಬ ಸೆಟ್ಟಿಂಗಿನಲ್ಲಿ ಡಿವೈಡ್, ಇನ್‌ವ್ಯಾಲಿಡ್ ಎರಡಕ್ಕೂ ‘ರೈಸ್’ ಕೊಟ್ಟರೆ ಅದೂ ನಿಲ್ಲುತ್ತದೆ. ನಲ್ ಇರುವ ಹೊತ್ತನ್ನು ಈಗ ಗ್ರಾಫಿನಲ್ಲಿ ಕೆಂಪು ಪಟ್ಟಿ ಮಾಡಿ, ಕಾರಣ ಬರೆದು ತೋರಿಸುತ್ತದೆ.

ಕೊನೆಗೆ ಶೆಡ್ಡಿನಲ್ಲಿ ಪರೀಕ್ಷೆ. ಮೊದಲು ಪೈನಲ್ಲಿ ನೇರವಾಗಿ ಸೂತ್ರಕ್ಕೆ ಬೆಲೆ ಕೊಟ್ಟು ನೋಡಿದೆ. ತೇವಾಂಶ 0 ಕೊಟ್ಟರೆ ಎರಡು ಫ್ಲ್ಯಾಗ್. ಮೈನಸ್ 25 ಕೊಟ್ಟರೆ ಅರ್ಥವಿಲ್ಲದ ಲೆಕ್ಕದ್ದು ಒಂದೇ, ಯಾಕಂದ್ರೆ ಋಣ ಸಂಖ್ಯೆಯ ಲಾಗ್ ನೇರವಾಗಿ ನ್ಯಾನ್. 50 ಕೊಟ್ಟರೆ 18.4, ನಾವು ನೋಡುವ ಮೂರರಲ್ಲಿ ಯಾವ ಫ್ಲ್ಯಾಗೂ ಇಲ್ಲ. ಆಮೇಲೆ ಕತ್ತಲಾದ ಮೇಲೆ ಫ್ಯಾನ್ ತಿರುಗುತ್ತಿರುವಾಗಲೇ ಹೊರಗಿನ ಟ್ರಾನ್ಸ್‌ಮಿಟರಿನ ವೈರ್ ಬಿಚ್ಚಿದೆ. ಲಾಗ್ ಫೈಲಿನಲ್ಲಿ ತಕ್ಷಣ ‘ಹೊರಗಿನ ಸೆನ್ಸರ್, ಕರೆಂಟಿಲ್ಲ’ ಅಂತ ಬಿತ್ತು. ಹತ್ತು ನಿಮಿಷಕ್ಕೆ ಕಾಂಟ್ಯಾಕ್ಟರ್ ಬಿಟ್ಟಿತು, ಫ್ಯಾನ್ ನಿಂತಿತು, ಕಾಕಾನ ಫೋನಿಗೆ ಮೆಸೇಜ್ ಬಂತು. ವೈರ್ ಮತ್ತೆ ಸೇರಿಸಿದಾಗ ರೀಸ್ಟಾರ್ಟ್ ಇಲ್ಲದೆ ಸರಾಸರಿ ತಾನಾಗಿ ಹಳಿಗೆ ಬಂತು. ಹೊರಗಿನ ಗಾಳಿ ಆಗ ಒಣಗಿತ್ತು, ಫ್ಯಾನ್ ಮತ್ತೆ ಚಾಲು ಆಯಿತು.

ಇನ್ನು ಉಳಿದದ್ದು ಒಳಗಿನ ಟ್ರಾನ್ಸ್‌ಮಿಟರಿನ ವೈರು. ಅಲ್ಲಿಯೂ ಹೊಸೆದ ಜೋಡಣೆ ಇದೆ. ಈಗ ರ‍್ಯಾಕಿನ ತುಂಬ ಹಣ್ಣಿದೆ, ಮಾಲು ಇಳಿಸಿದ ಮೇಲೆ ಅದನ್ನೂ ಕ್ರಿಂಪ್ ಮಾಡುತ್ತೇನೆ.